ಕಾರ್ಖಾನೆ ಮೊದಲೋ, ಕೆಲಸ ಕಲಿತವರು ಮೊದಲೋ?

ಅಮೆರಿಕದ ಹಳ್ಳಿಗಾಡಿನ ಕೌಂಟಿಗಳು (ನಮ್ಮ ಜಿಲ್ಲೆಗಳ ಹಾಗೆ) ಕಂಪನಿಗಳನ್ನು ಕರೆಯುವಾಗ ಹೇಳುವ ಮಾತು ಈಗ ಹೆಚ್ಚುಕಡಿಮೆ ಒಂದೇ. ಜಾಗ ಇದೆ, ಹೆದ್ದಾರಿ ಇದೆ, ರೈಲು ಹಳಿ ಇದೆ, ಕೆಲಸ ಗೊತ್ತಿರುವ ಜನ ಇದ್ದಾರೆ. ಮೊದಲ ಮೂರನ್ನು ಬಂದವರು ಕಣ್ಣಾರೆ ನೋಡಬಹುದು. ನಾಲ್ಕನೆಯದನ್ನು ನಂಬಿಸುವುದೇ ಕಷ್ಟ. ತೊಂಬತ್ತು ವರ್ಷದ ಹಿಂದೆ ಆ ನಾಲ್ಕನೆಯ ಮಾತಿಗೆ ಅಷ್ಟು ಬೆಲೆಯೂ ಇರಲಿಲ್ಲ. ಆಗ ಮಾರುತ್ತಿದ್ದದ್ದು ಅಗ್ಗದ ಕೂಲಿಯನ್ನು.

ದಕ್ಷಿಣದ ಮಿಸಿಸಿಪ್ಪಿ ರಾಜ್ಯದಿಂದ ಶುರು ಮಾಡೋಣ. ಹ್ಯೂ ವೈಟ್ ಅಲ್ಲಿನ ಮರದ ಮಿಲ್ ಮಾಲೀಕ, ಕೊಲಂಬಿಯಾ ಎಂಬ ಸಣ್ಣ ಊರಿನ ಮೇಯರ್. ಸುತ್ತಲಿನ ಪೈನ್ ಕಾಡು ಕಡಿದು ಮುಗಿದಾಗ ಊರಿನ ಕೆಲಸವೂ ಮುಗಿಯಿತು. ಊರವರ ಹಣ ಕೂಡಿಸಿ ಅವರು ಒಂದು ಬಟ್ಟೆ ಹೊಲಿಯುವ ಕಾರ್ಖಾನೆ ತರಿಸಿದರು. 1936ರಲ್ಲಿ ಗವರ್ನರ್ ಆದಾಗ ಅದನ್ನೇ ಇಡೀ ರಾಜ್ಯಕ್ಕೆ ಹರಡಿದರು. ಯೋಜನೆಯ ಹೆಸರು 'ಬ್ಯಾಲೆನ್ಸ್ ಅಗ್ರಿಕಲ್ಚರ್ ವಿತ್ ಇಂಡಸ್ಟ್ರಿ', ಅಂದರೆ ಬೇಸಾಯಕ್ಕೆ ಸರಿಸಮವಾಗಿ ಕೈಗಾರಿಕೆ. ಊರಿನ ಜನ ಮತ ಹಾಕಿ ಒಪ್ಪಿದರೆ, ಊರೇ ಬಾಂಡ್ ಮಾರಿ ಸಾಲ ಎತ್ತಿ ಕಟ್ಟಡ ಕಟ್ಟಿ ಕಂಪನಿಗೆ ಬಾಡಿಗೆಗೆ ಕೊಡಬಹುದಿತ್ತು. ಮೊದಲು ಬಂದದ್ದು ಡ್ಯೂರಂಟ್ ಎಂಬ ಊರಿಗೆ, ಕಾಲುಚೀಲ ನೇಯುವ ಕಾರ್ಖಾನೆ.

ಕಟ್ಟಡಕ್ಕೆ ಅಷ್ಟು ಹಣ ಸುರಿದವರು ಜನರಿಗೆ ಕೆಲಸ ಕಲಿಸಲು ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಹೊಲಿಗೆ ಯಂತ್ರದ ಕೆಲಸ ಕೆಲವು ವಾರದಲ್ಲಿ ಕೈಗೆ ಹತ್ತುತ್ತಿತ್ತು. ಹೆಂಗಸರು ಕಡಿಮೆ ಸಂಬಳಕ್ಕೆ ಬರುತ್ತಿದ್ದರು. ಕಪ್ಪು ಜನರಿಗೆ ಈ ಕೆಲಸಗಳಲ್ಲಿ ಬಹುತೇಕ ಜಾಗವೇ ಇರಲಿಲ್ಲ. ದಕ್ಷಿಣದ ಬಟ್ಟೆ ಮಿಲ್‌ಗಳ ಬಾಗಿಲು ಅವರಿಗೆ ನಿಜವಾಗಿ ತೆರೆದದ್ದು 1964ರ ನಾಗರಿಕ ಹಕ್ಕು ಕಾಯ್ದೆಯ ನಂತರ. ಇನ್ನೊಂದು ವಿಷಯವನ್ನು ಆಗ ಯಾರೂ ಅಷ್ಟಾಗಿ ಯೋಚಿಸಿದಂತಿಲ್ಲ. ಕೆಲವೇ ವಾರದಲ್ಲಿ ಕಲಿಯಬಹುದಾದ ಕೆಲಸವನ್ನು ಕಂಪನಿ ನಾಳೆ ಇನ್ನೂ ಅಗ್ಗದ ಊರಿಗೂ ಒಯ್ಯಬಹುದು, ಅಲ್ವಾ?

ತರಬೇತಿಯನ್ನೇ ಆಕರ್ಷಣೆಯಾಗಿ ಮಾಡಿದ್ದರಲ್ಲಿ ದಕ್ಷಿಣ ಕೆರೊಲಿನಾದ ಹೆಸರು ದೊಡ್ಡದು. ಹತ್ತಿ ಬಿಡಿಸುವ ಯಂತ್ರ ಬಂದು ಹೊಲದ ಕೆಲಸ ಕರಗುತ್ತಿತ್ತು. ಹುಡುಗರು ಊರು ಬಿಡುತ್ತಿದ್ದರು. 1961ರಲ್ಲಿ ಗವರ್ನರ್ ಅರ್ನೆಸ್ಟ್ ಹಾಲಿಂಗ್ಸ್ ತಾಂತ್ರಿಕ ತರಬೇತಿಗೆ ಕಾನೂನು ತಂದರು. ಮರುವರ್ಷ ಗ್ರೀನ್‌ವಿಲ್‌ನಲ್ಲಿ ಮೊದಲ ಕೇಂದ್ರ ತೆರೆಯಿತು. ಅದರ ಜೊತೆಗೆ ಬಂದ 'ಸ್ಪೆಷಲ್ ಸ್ಕೂಲ್' ಎಂಬ ಏರ್ಪಾಟು ನನ್ನ ಮಟ್ಟಿಗೆ ಈ ಕಥೆಯ ತಿರುವು. ಕಂಪನಿ ಬರುತ್ತೇನೆ ಎಂದರೆ ಸಾಕು. ಎಷ್ಟು ಜನ ಬೇಕು, ಯಾವ ಯಂತ್ರ ಎಂದು ರಾಜ್ಯವೇ ಕೇಳಿ, ಕಾರ್ಖಾನೆ ಏಳುವ ಮೊದಲೇ ತರಗತಿ ಶುರು ಮಾಡುತ್ತಿತ್ತು. ಕಲಿಸುವವರ ಖರ್ಚು ರಾಜ್ಯದ್ದು. ಕಂಪನಿಗೆ ಬಿಟ್ಟಿ.

ಕಲಿಯುವವರಿಗೆ? ಕೆಲಸಕ್ಕೆ ಸೇರುವ ಮೊದಲಿನ ಇಂಥ ತರಬೇತಿಯಲ್ಲಿ ಸಾಮಾನ್ಯವಾಗಿ ಸಂಬಳ ಇಲ್ಲ. ಕಲಿತ ಮೇಲೆ ಕೆಲಸ ಸಿಕ್ಕೇ ಸಿಗುತ್ತದೆ ಎಂಬ ಮಾತೂ ಇಲ್ಲ. ಯಾರು ಹೊತ್ತಿಗೆ ಬರುತ್ತಾರೆ, ಯಾರ ಕೈ ಚುರುಕು ಎಂದು ನೋಡಿ ಕಂಪನಿ ತನಗೆ ಬೇಕಾದವರನ್ನು ಆರಿಸಿಕೊಳ್ಳುತ್ತದೆ. ಹೆಸರು ತರಬೇತಿ. ಅರ್ಧ ಅದು ಉದ್ದನೆಯ ಸಂದರ್ಶನ.

ಆದರೂ ಇದು ಹಬ್ಬಿತು. ಜಾರ್ಜಿಯಾ 1967ರಲ್ಲಿ 'ಕ್ವಿಕ್ ಸ್ಟಾರ್ಟ್' ಶುರು ಮಾಡಿತು, ಅಲಬಾಮಾ 1971ರಲ್ಲಿ ತನ್ನದನ್ನು. ಕೇಂದ್ರ ಸರ್ಕಾರವೂ ಹಣ ಕೊಡುತ್ತಲೇ ಬಂತು. 1962ರಿಂದ 2014ರವರೆಗೆ ಇದಕ್ಕಾಗಿ ಬಂದ ಕಾಯ್ದೆಗಳ ಹೆಸರು ಬದಲಾಗುತ್ತಾ ಹೋಯಿತು. ಈಗಿರುವ 2014ರ ಕಾಯ್ದೆಯಲ್ಲಿ, ತರಬೇತಿ ಹಣ ನೋಡಿಕೊಳ್ಳುವ ಸ್ಥಳೀಯ ಮಂಡಳಿಗಳ ಹೆಚ್ಚಿನ ಸದಸ್ಯರು ಉದ್ಯಮದವರೇ ಇರಬೇಕು. ಅದರಲ್ಲಿ ಒಂದು ನಿಯಮ ಗಮನಿಸುವಂಥದ್ದು. ಒಂದು ಊರಲ್ಲಿ ಕೆಲಸ ಕಿತ್ತು ಇನ್ನೊಂದು ಊರಿಗೆ ಬಂದ ಕಂಪನಿಗೆ ಮೊದಲ 120 ದಿನ ಈ ತರಬೇತಿ ಹಣ ಕೊಡುವಂತಿಲ್ಲ. ನಾಲ್ಕು ತಿಂಗಳು ಕಾಯುವುದು ದೊಡ್ಡ ಕಂಪನಿಗೆ ಎಷ್ಟು ಕಷ್ಟ ಎಂಬುದು ಬೇರೆ ಮಾತು.

1994ರಲ್ಲಿ ಅಮೆರಿಕ, ಕೆನಡಾ, ಮೆಕ್ಸಿಕೊ ನಡುವಿನ ಮುಕ್ತ ವ್ಯಾಪಾರದ ನಾಫ್ಟಾ ಒಪ್ಪಂದ ಜಾರಿಗೆ ಬಂತು. 2001ರಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು. ಹೊಲಿಗೆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಉಳಿದದ್ದು ಖಾಲಿ ಕಟ್ಟಡ, ಮತ್ತು ಒಂದೇ ಕೆಲಸ ಗೊತ್ತಿದ್ದ ನಡುವಯಸ್ಸಿನ ಜನ. ಏಟು ಬಟ್ಟೆಗಷ್ಟೇ ಬೀಳಲಿಲ್ಲ. ಮಿಸಿಸಿಪ್ಪಿಯ ಕ್ಲೇ ಕೌಂಟಿಯಲ್ಲಿ 2007ರಲ್ಲಿ ಮಾಂಸ ಸಂಸ್ಕರಿಸುವ ದೊಡ್ಡ ಕಾರ್ಖಾನೆ ಮುಚ್ಚಿ ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಯೋಕೋಹಾಮಾ ಟೈರ್ ಕಂಪನಿ ಬರುತ್ತೇನೆ ಎಂದದ್ದು 2013ರಲ್ಲಿ, ಕಾರ್ಖಾನೆ ತೆರೆದದ್ದು 2015ರಲ್ಲಿ. ಮೊದಲ ಹಂತದಲ್ಲಿ ಹೇಳಿದ ಕೆಲಸ 500. ನಡುವೆ ಆ ಕುಟುಂಬಗಳು ಹೇಗೆ ದಿನ ದೂಡಿದವು ಎಂಬ ಲೆಕ್ಕ ಹೂಡಿಕೆಯ ವರದಿಗಳಲ್ಲಿ ಬರುವುದಿಲ್ಲ.

ಇತ್ತೀಚಿನ ಬದಲಾವಣೆ ಎಂದರೆ ಪರೀಕ್ಷೆ. ಪರೀಕ್ಷೆ ನಡೆಸುವ ಎಸಿಟಿ ಸಂಸ್ಥೆಯ 'ವರ್ಕ್‌ಕೀಸ್' ಬರೆದವರಿಗೆ ಕಂಚಿನಿಂದ ಪ್ಲಾಟಿನಂವರೆಗೆ ಪ್ರಮಾಣಪತ್ರ ಸಿಗುತ್ತದೆ. ಗುರಿಯಷ್ಟು ಜನ ಪಾಸಾಗಿ, ಸ್ಥಳೀಯ ಉದ್ಯಮಗಳೂ ಬೆಂಬಲಿಸಿದರೆ ಇಡೀ ಕೌಂಟಿಗೇ 'ವರ್ಕ್ ರೆಡಿ' (ಕೆಲಸಕ್ಕೆ ಸಿದ್ಧ) ಎಂಬ ಪಟ್ಟ. ಶಾಲೆ ಬಿಟ್ಟವರಿಗೆ ಓದು, ಲೆಕ್ಕ ಗಟ್ಟಿ ಮಾಡಿಕೊಳ್ಳಲು ಇದು ಒಂದು ದಾರಿ, ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಜನರ ಅಂಕಗಳು ಕೊನೆಗೆ ಸೇರುವುದು ಕಂಪನಿಗೆ ತೋರಿಸುವ ಕಡತಕ್ಕೆ.

ಟೆನೆಸ್ಸಿಯ ಹೇವುಡ್ ಕೌಂಟಿಯನ್ನು ನೋಡಿ. ಜನಸಂಖ್ಯೆ ಸುಮಾರು 18 ಸಾವಿರ. ಅಲ್ಲಿ ರಾಜ್ಯ ಸರ್ಕಾರ ಸಾವಿರಾರು ಎಕರೆ ಜಮೀನು ಕೊಂಡು, ಹತ್ತು ವರ್ಷಕ್ಕೂ ಹೆಚ್ಚು ಕಾಲ ಗಿರಾಕಿಗಾಗಿ ಕಾದಿತ್ತು. 2021ರಲ್ಲಿ ಫೋರ್ಡ್ ಮತ್ತು ಅದರ ಪಾಲುದಾರ ಕಂಪನಿ 560 ಕೋಟಿ ಡಾಲರ್ ಹೂಡಿಕೆ, ಸುಮಾರು 5,800 ಕೆಲಸ ಎಂದು ಘೋಷಿಸಿದವು. ರಾಜ್ಯ ಒಪ್ಪಿದ 88.4 ಕೋಟಿ ಡಾಲರ್ ಪ್ಯಾಕೇಜ್‌ನಲ್ಲಿ 4 ಕೋಟಿ ಅಲ್ಲೇ ಒಂದು ತಾಂತ್ರಿಕ ಕಾಲೇಜಿಗೆ. ಅಂದರೆ ನೂರಕ್ಕೆ ಐದು ಡಾಲರೂ ಇಲ್ಲ. ಎಲೆಕ್ಟ್ರಿಕ್ ಟ್ರಕ್ 2025ಕ್ಕೆ ಹೊರಬರಬೇಕಿತ್ತು. ಅದು 2027ಕ್ಕೆ ಹೋಯಿತು. 2025ರ ಡಿಸೆಂಬರ್‌ನಲ್ಲಿ ಫೋರ್ಡ್ ಆ ಟ್ರಕ್ಕನ್ನೇ ಕೈಬಿಟ್ಟು, 2029ರಿಂದ ಅಲ್ಲಿ ಪೆಟ್ರೋಲ್ ಟ್ರಕ್ ಮಾಡುತ್ತೇನೆ ಎಂದಿತು.

ಇಂಥ ಹೊತ್ತಲ್ಲಿ ಏನು ಕಲಿಸಿದರು ಎಂಬುದೇ ಮುಖ್ಯವಾಗುತ್ತದೆ. ವಿದ್ಯುತ್ ನಿಯಂತ್ರಣ, ವೆಲ್ಡಿಂಗ್, ಯಂತ್ರ ದುರಸ್ತಿ ಕಲಿತವರು ಬೇರೆ ಯಾವ ಕಾರ್ಖಾನೆಗಾದರೂ ಹೋಗಬಹುದು. ಒಂದೇ ಕಂಪನಿಯ ಒಂದೇ ಸಾಲಿನ ಕೆಲಸ ಕಲಿತವರು ಕಾಯಬೇಕು. ತಮಾಷೆ ಎಂದರೆ ಕೌಂಟಿಗೆ ಮೊದಲನೆಯ ಬಗೆಯ ಕಲಿಕೆ ಕಂಡರೆ ಸ್ವಲ್ಪ ಭಯ. ಹಾಗೆ ಕಲಿತವರು ಪಕ್ಕದ ಕೌಂಟಿಗೆ ಹೋಗಿಬಿಡುತ್ತಾರೆ. ಕಾರು ಇಲ್ಲದವರು, ಮಗು ನೋಡಿಕೊಳ್ಳುವವರಿಲ್ಲದವರು ತರಗತಿಗೇ ಬರಲಾಗದೆ ಹೊರಗೆ ಉಳಿಯುತ್ತಾರೆ. ಬಸ್ಸಿಗೆ, ಶಿಶುಪಾಲನೆಗೆ ಹಣ ಕೊಡಲು ಕೇಂದ್ರದ ಕಾಯ್ದೆಯಲ್ಲಿ ಅವಕಾಶ ಇದೆ. ಆದರೆ ಬಸ್ಸೇ ಓಡದ ಕೌಂಟಿಯಲ್ಲಿ ಆ ಟಿಕೆಟ್ ದುಡ್ಡು ಉಪಯೋಗಕ್ಕೆ ಬರುವುದಿಲ್ಲ.