ರಕ್ತ ನಿಂತಿತು ಅಂತ ಚೈನ್ ಬಿಚ್ಚಬೇಡಿ

"ಡಾಕ್ಟ್ರೇ, ಮೊನ್ನೆಯೇ ರಕ್ತ ನಿಂತಿತ್ತು. ಇನ್ನು ಭಯ ಇಲ್ಲ ಅಂತ ಹೆಣ್ಣು ನಾಯಿಯನ್ನು ಕೆಳಗೆ ಬಿಟ್ಟೆವು." ಮುಂಬೈಯ ಮುಲುಂಡಿನಲ್ಲಿರುವ ನನ್ನ ಪ್ರಾಣಿಗಳ ಕ್ಲಿನಿಕ್ಕಿಗೆ ಬರುವ ನಮ್ಮ ಕನ್ನಡದವರಿಂದ ಈ ಮಾತು ಎಷ್ಟು ಸಲ ಕೇಳಿದ್ದೇನೋ. ಅಷ್ಟರಲ್ಲಿ ಸೊಸೈಟಿ ಕಾಂಪೌಂಡಿನಲ್ಲಿ ಆಗುವುದು ಆಗಿಹೋಗಿರುತ್ತದೆ. ಸುಮಾರು 63 ದಿನಕ್ಕೆ ಮನೆ ತುಂಬಾ ಮರಿಗಳು.

ಹೆಂಗಸರ ಮುಟ್ಟಿನ ಲೆಕ್ಕವನ್ನೇ ನಾಯಿಗೂ ಹಾಕುತ್ತೇವೆ, ಅಲ್ವಾ? ನಾಯಿಯಲ್ಲಿ ಅದು ಉಲ್ಟಾ. ರಕ್ತ ಕಾಣಿಸಿದರೆ ಬೆದೆ ಈಗ ಶುರುವಾಗಿದೆ ಅಂತ ಅರ್ಥ. ಮೊದಲ ಒಂಬತ್ತು-ಹತ್ತು ದಿನ ಗಂಡು ಹತ್ತಿರ ಬಂದರೆ ಹೆಣ್ಣು ಗುರ್ ಅನ್ನುತ್ತದೆ. ಆಮೇಲೆ ರಕ್ತ ತಿಳಿಯಾಗುತ್ತದೆ, ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಆಗ ಅದೇ ನಾಯಿ ಬಾಲ ಪಕ್ಕಕ್ಕೆ ಸರಿಸಿ ಸುಮ್ಮನೆ ನಿಲ್ಲುತ್ತದೆ. ಗರ್ಭ ಕಟ್ಟುವ ಕಾಲ ಅದೇ. ಹಾಗಾಗಿ ಮೊದಲ ಹನಿ ಕಂಡ ದಿನ ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಲ್ಲಿಂದ ನಾಲ್ಕು ವಾರ ಚೈನ್ ನಿಮ್ಮ ಕೈಯಲ್ಲೇ ಇರಲಿ.

ಆ ಗುರುತು ಇನ್ನೊಂದಕ್ಕೂ ಬೇಕು. ಹೋದ ಮಳೆಗಾಲದಲ್ಲಿ ಎಂಟು ವರ್ಷದ ಪೊಮೆರೇನಿಯನ್ ಒಂದನ್ನು ಎತ್ತಿಕೊಂಡು ಬಂದರು. ಊಟ ಬಿಟ್ಟಿತ್ತು, ಬಟ್ಟಲುಗಟ್ಟಲೆ ನೀರು ಕುಡಿಯುತ್ತಿತ್ತು. "ಬೆದೆ ಯಾವಾಗ ಆಯಿತು?" ಅಂತ ಕೇಳಿದೆ. ಒಂದೂವರೆ ತಿಂಗಳಾಗಿತ್ತು. ಹೊಟ್ಟೆ ತೆರೆದಾಗ, ಪೆನ್ಸಿಲಿಗಿಂತ ಸಣ್ಣ ಇರಬೇಕಾದ ಗರ್ಭಕೋಶ ಬಾಳೆಕಾಯಿಯ ಹಾಗೆ ಊದಿ ಕೀವು ತುಂಬಿಕೊಂಡಿತ್ತು. ಸಾಮಾನ್ಯವಾಗಿ ಬೆದೆ ಮುಗಿದ ಕೆಲವು ವಾರಗಳಲ್ಲಿ ಬರುವ ಇದಕ್ಕೆ ಪಯೋಮೆಟ್ರಾ ಅನ್ನುತ್ತೇವೆ. ಹೊರಗೆ ಒಂದು ಹನಿ ಕೀವು ಬರದೆಯೂ ಇದು ಪ್ರಾಣ ತೆಗೆಯಬಹುದು. ಆ ನಾಯಿ ಬದುಕಿತು, ಆದರೆ ಎರಡು ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮರಿಯಾಗಿದ್ದಾಗಲೇ ಸ್ಪೇ (ಗರ್ಭಕೋಶ, ಅಂಡಾಶಯ ತೆಗೆಯುವ ಆಪರೇಷನ್) ಮಾಡಿಸಿದ್ದರೆ ಈ ಕಷ್ಟವೇ ಬರುತ್ತಿರಲಿಲ್ಲ.

ಬೆಕ್ಕಿನ ಕಥೆ ಬೇರೆ. ರಕ್ತ ಕಾಣುವುದಿಲ್ಲ. ರಾತ್ರಿಯಿಡೀ ಕೂಗುತ್ತದೆ, ನೆಲದ ಮೇಲೆ ಹೊರಳಾಡುತ್ತದೆ. ಹೊಟ್ಟೆನೋವು ಅಂದುಕೊಂಡು ಓಡಿ ಬರುತ್ತಾರೆ, ಪಾಪ. ಗಂಡು ಕೂಡಿದ ಮೇಲೆಯೇ ಸಾಮಾನ್ಯವಾಗಿ ಅದರ ಅಂಡ ಬಿಡುಗಡೆಯಾಗುವುದು. ಕೂಡದಿದ್ದರೆ ಎರಡು-ಮೂರು ವಾರಕ್ಕೆ ಮತ್ತೆ ಅದೇ ಕೂಗು. ನಾಲ್ಕೈದು ತಿಂಗಳ ಮರಿಯೂ ಬೆದೆಗೆ ಬರಬಹುದು, ಹಾಲು ಕುಡಿಸುತ್ತಿರುವ ತಾಯಿಯೂ ಮತ್ತೆ ಗಬ್ಬ ಆಗಬಹುದು. ಕೂಗು ನಿಲ್ಲಿಸಲು ಹಾರ್ಮೋನ್ ಮಾತ್ರೆ, ಇಂಜೆಕ್ಷನ್ ಕೇಳಬೇಡಿ. ಅವುಗಳಿಂದಲೇ ಗರ್ಭಕೋಶದ ಕೀವು, ಮೊಲೆಯ ಗಂಟು ಬರುವ ಅಪಾಯ ಜಾಸ್ತಿ.

"ಒಂದು ಸಲವಾದರೂ ತಾಯಿ ಆಗಲಿ" ಅನ್ನುವವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಅದರಿಂದ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ. ಬೆಕ್ಕಿಗೆ ಐದು ತಿಂಗಳ ಹೊತ್ತಿಗೆ, ಸಣ್ಣ ಜಾತಿಯ ನಾಯಿಗೆ ಆರು ತಿಂಗಳ ಸುತ್ತ, ಮೊದಲ ಬೆದೆಗಿಂತ ಮುಂಚೆ ಸ್ಪೇ ಮಾಡಿಸಿ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ಜಾತಿಗಳಲ್ಲಿ ಮೂಳೆ ಬಲಿಯಲಿ ಅಂತ ಸ್ವಲ್ಪ ಕಾಯುತ್ತೇವೆ. ನಾಯಿ ಈಗಾಗಲೇ ಬೆದೆಯಲ್ಲಿದ್ದರೆ ಎರಡು-ಮೂರು ತಿಂಗಳು ಬಿಟ್ಟು ಕರೆತನ್ನಿ. ಬೆದೆಯಲ್ಲಿ ರಕ್ತನಾಳಗಳು ಊದಿರುತ್ತವೆ, ರಕ್ತ ಜಾಸ್ತಿ ಹೋಗುತ್ತದೆ. ಬರುವಾಗ ಆ ಕ್ಯಾಲೆಂಡರಿನ ಫೋಟೊ ಫೋನಿನಲ್ಲಿ ಇರಲಿ, ನಾನು ಮೊದಲು ಕೇಳುವುದೇ ಆ ತಾರೀಖು.