ಕಡಲಲ್ಲಿ ಕಾಣದ್ದು ದಕ್ಕೆಯಲ್ಲಿ ಕಾಣುತ್ತದೆ

ಬೆಳಗಿನ ಜಾವ ಮಲ್ಪೆ ಬಂದರಿಗೆ ಹೋಗುವಾಗ ನನ್ನ ಚೀಲದಲ್ಲಿ ಇರುವುದು ಸೆಂಟಿಮೀಟರ್ ಗೆರೆ ಎಳೆದ ಒಂದು ಹಲಗೆ, ಪುಟ್ಟ ತಕ್ಕಡಿ, ಒಂದು ಪೆನ್ಸಿಲ್ ಮತ್ತು ನೋಟ್‌ಬುಕ್. ಏಲಂ ಶುರುವಾಗುವ ಮೊದಲು ಬುಟ್ಟಿಗಳಿಂದ ಒಂದಷ್ಟು ಮೀನು ಎತ್ತಿಕೊಂಡು, ಮೂತಿಯನ್ನು ಹಲಗೆಯ ತಲೆಗೆ ತಾಗಿಸಿ, ಬಾಲದ ತುದಿ ಯಾವ ಗೆರೆಗೆ ಬಂತೆಂದು ಬರೆದುಕೊಳ್ಳುತ್ತೇನೆ. ಮೀನುಗಾರಿಕಾ ವಿಜ್ಞಾನ ಓದಿದವಳಿಗೆ ಇದು ತೀರಾ ಮೊದಲ ಪಾಠ. ಇಷ್ಟು ವರ್ಷಗಳಾದರೂ ಈ ಹಲಗೆ ಹೇಳುವಷ್ಟು ವಿಷಯವನ್ನು ಬೇರೆ ಯಾವ ಉಪಕರಣವೂ ನನಗೆ ಹೇಳಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಬೋಟ್ ಖಾಲಿ ಮಾಡುತ್ತಿದ್ದರು. ಬುಟ್ಟಿಯ ಮೇಲೆ ಬುಟ್ಟಿ ಬಂಗುಡೆ ಮರಿ. ಹಲಗೆಯ ಮೇಲೆ ಇಟ್ಟರೆ ಒಂಬತ್ತು, ಹತ್ತು, ಹತ್ತೂವರೆ ಸೆಂಟಿಮೀಟರ್. ಬೋಟ್ ನಡೆಸುವ ತಾಂಡೇಲರು ಪಕ್ಕದಲ್ಲೇ ನಿಂತಿದ್ದರು. ಹಿರಿಯರು, ನನಗೆ ಬಹಳ ಕಲಿಸಿದವರು. ಇಷ್ಟು ಸಣ್ಣದನ್ನು ಯಾಕೆ ತಂದಿರಿ ಎಂದು ಕೇಳಿದೆ. ಅವರು ಸಿಟ್ಟು ಮಾಡಲಿಲ್ಲ. "ಕಡಲ್‌ಡ್ ಏರ್ ತೂಪೆರ್ ಮೇಡಂ?" ಅಂದರು. ಕಡಲಲ್ಲಿ ಯಾರು ನೋಡುತ್ತಾರೆ?

ಅವರು ಹೇಳಿದ್ದು ನಿಜ. ಅಕ್ರಮ ಮೀನುಗಾರಿಕೆ ತಡೆಯುವ ನಮ್ಮ ಬಹುಪಾಲು ಯೋಜನೆಗಳು ಆ ಪ್ರಶ್ನೆಗೆ ಕಡಲಿನಲ್ಲೇ ಉತ್ತರ ಹುಡುಕುತ್ತವೆ. ಗಸ್ತು ದೋಣಿ, ಡ್ರೋನ್, ಉಪಗ್ರಹ. ಅವೆಲ್ಲ ಬೇಕು. ಆದರೆ ಹಿಡಿದ ಪ್ರತಿ ಮೀನೂ ಕೊನೆಗೆ ಒಂದು ದಕ್ಕೆಗೆ, ಅಂದರೆ ಬೋಟ್‌ನಿಂದ ಮೀನು ಇಳಿಸುವ ಕಟ್ಟೆಗೆ, ಬರಲೇಬೇಕು. ಅಲ್ಲಿ ನೂರಾರು ಕಣ್ಣುಗಳಿವೆ. ನಾವು ನಿಲ್ಲಬೇಕಾದ ಜಾಗ ಅದು ಎಂಬುದು ನನ್ನ ಅನುಭವ.

ಮೊದಲು ಆ ಬಂಗುಡೆ ಮರಿಯ ಲೆಕ್ಕ ನೋಡಿ. ಹತ್ತು ಸೆಂಟಿಮೀಟರ್ ಮರಿ ಹತ್ತು ಗ್ರಾಂ ಆಸುಪಾಸು ತೂಗುತ್ತದೆ, ಕಿಲೋಗೆ ಹೆಚ್ಚುಕಡಿಮೆ ನೂರು. ಅದೇ ಮರಿ ಕೆಲವು ತಿಂಗಳು ಕಡಲಲ್ಲಿ ಉಳಿದು 22 ಸೆಂಟಿಮೀಟರ್ ಆದರೆ ನೂರು ಗ್ರಾಂ ದಾಟುತ್ತದೆ. ಉದ್ದ ಎರಡು ಪಟ್ಟು ಆದಾಗ ತೂಕ ಎಂಟು ಪಟ್ಟು ಆಗುವುದು ಮೀನಿನ ಬೆಳವಣಿಗೆಯ ಲೆಕ್ಕ. ಎಲ್ಲ ಮರಿಯೂ ಬದುಕುವುದಿಲ್ಲ, ದೊಡ್ಡ ಮೀನು ತಿನ್ನುತ್ತದೆ, ರೋಗ ಬರುತ್ತದೆ. ಅದನ್ನು ಕಳೆದರೂ ಕಾದವನಿಗೇ ಲಾಭ. ಸಣ್ಣದಿರುವಾಗಲೇ ಹಿಡಿದದ್ದು ಮೊಟ್ಟೆ ಇಡದೆ ಹೋಗುತ್ತದೆ, ಆ ನಷ್ಟ ಯಾವ ತಕ್ಕಡಿಗೂ ಬರುವುದಿಲ್ಲ.

ಕೇರಳ 2015ರಲ್ಲಿ ಇದನ್ನು ಕಾನೂನಿಗೆ ತಂದಿತು. ಬಂಗುಡೆ 14 ಸೆಂಟಿಮೀಟರ್, ಬೂತಾಯಿ (ಸಾರ್ಡಿನ್) 10 ಸೆಂಟಿಮೀಟರ್, ಅದಕ್ಕಿಂತ ಸಣ್ಣದನ್ನು ಹಿಡಿಯುವಂತಿಲ್ಲ. ಮೊದಲು 14 ಜಾತಿಗೆ ಇದ್ದ ನಿಯಮ ಆಮೇಲೆ 58 ಜಾತಿಗೆ ಹಬ್ಬಿತು. ಕರ್ನಾಟಕವೂ ಕೆಲವು ಜಾತಿಗಳಿಗೆ ಕನಿಷ್ಠ ಅಳತೆ ಗೊತ್ತುಪಡಿಸಿದೆ. ನಮ್ಮ ಮೂಲ ಕಾನೂನು 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ. ನಾಡದೋಣಿಯವರಿಗೆ ಮೀಸಲಾದ ದಡದ ಪಟ್ಟಿ, ಮಳೆಗಾಲದ ನಿಷೇಧ, ಬಲೆಯ ಕಣ್ಣಿನ ಗಾತ್ರ ಎಲ್ಲವೂ ಅದರ ಅಡಿಯಲ್ಲೇ ಬರುತ್ತವೆ.

ಲೈಟ್ ಫಿಶಿಂಗ್ ಮತ್ತು ಬುಲ್ ಟ್ರಾಲ್, ಈ ಎರಡರ ಬಗ್ಗೆ ಪತ್ರಿಕೆಯಲ್ಲಿ ಆಗಾಗ ಓದುತ್ತೀರಿ. ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ಎರಡನ್ನೂ ನಿಷೇಧಿಸಿತು. ಬುಲ್ ಟ್ರಾಲ್ ಅಂದರೆ ಎರಡು ಬೋಟ್‌ಗಳು ಅಕ್ಕಪಕ್ಕ ಓಡುತ್ತ ಒಂದೇ ಬಲೆಯನ್ನು ಎಳೆಯುವುದು. ಬಲೆಯ ಬಾಯಿ ಅಗಲವಾಗಿ ತೆರೆದುಕೊಂಡು ದಾರಿಯಲ್ಲಿ ಇದ್ದದ್ದನ್ನೆಲ್ಲ ಬಾಚುತ್ತದೆ. ಲೈಟ್ ಫಿಶಿಂಗ್ ಇನ್ನೂ ಸುಲಭ. ಬೆಳದಿಂಗಳಿಲ್ಲದ ರಾತ್ರಿ ಜನರೇಟರ್ ಹಚ್ಚಿ ಎಲ್‌ಇಡಿ ದೀಪಗಳನ್ನು ನೀರಿನ ಕಡೆಗೆ ಬಿಡುತ್ತಾರೆ. ಸೂಕ್ಷ್ಮಜೀವಿಗಳು ಬೆಳಕಿಗೆ ಬರುತ್ತವೆ, ಅವನ್ನು ತಿನ್ನಲು ಮರಿಗಳು, ಮರಿಗಳ ಹಿಂದೆ ಬೊಂಡಾಸ್ (ಸ್ಕ್ವಿಡ್), ಅಂಜಲ್‌ನಂಥ ದೊಡ್ಡ ಮೀನು. ಸುತ್ತ ಬಲೆ ಹಾಕಿ ಎಳೆದರೆ ಆಯಿತು. ಆ ಜಾಗದ ಮೀನು ಒಂದೇ ರಾತ್ರಿಗೆ ಖಾಲಿ. ಮರುದಿನ ಬೆಳಗ್ಗೆ ಬೀಡುಬಲೆ ಬಿಟ್ಟ ನಾಡದೋಣಿಯವನು ಬರಿಗೈಯಲ್ಲಿ ಬರುತ್ತಾನೆ. ಅವನ ಸಿಟ್ಟು ನ್ಯಾಯವಾದದ್ದು.

ಇದನ್ನು ಕಡಲಲ್ಲಿ ಹಿಡಿಯುವುದು ಯಾಕೆ ಕಷ್ಟ? ದೂರದಲ್ಲಿ ಗಸ್ತು ದೋಣಿಯ ಸುಳಿವು ಸಿಕ್ಕಿದ ಕೂಡಲೇ ದೀಪ ಆರುತ್ತದೆ. ಬುಲ್ ಟ್ರಾಲ್‌ನ ಎರಡು ಬೋಟ್‌ಗಳು ಬಲೆ ಎತ್ತಿ ದೂರವಾದರೆ ಬೇರೆಲ್ಲ ಟ್ರಾಲ್ ಬೋಟ್‌ಗಳ ಹಾಗೆಯೇ ಕಾಣುತ್ತವೆ. ಮಲ್ಪೆಯಲ್ಲಿ ಕೇಂದ್ರ ಕಚೇರಿ ಇರುವ ಕರಾವಳಿ ಕಾವಲು ಪೊಲೀಸರು ಮಂಗಳೂರಿನಿಂದ ಕಾರವಾರದವರೆಗೆ ಒಂಬತ್ತು ಠಾಣೆಗಳಿಂದ ಸುಮಾರು 320 ಕಿಲೋಮೀಟರ್ ಕರಾವಳಿ ನೋಡಿಕೊಳ್ಳಬೇಕು. ದಡದಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್‌ವರೆಗೆ ಮೀನುಗಾರಿಕೆ ರಾಜ್ಯದ ಅಧಿಕಾರ, ಅದರಾಚೆ 200 ಮೈಲಿನವರೆಗೆ ಕೇಂದ್ರದ್ದು. ಹತ್ತು ದಿನದ ಟ್ರಿಪ್‌ಗೆ ಹೊರಟ ಬೋಟ್ ಆ ಗೆರೆಯನ್ನು ಎಷ್ಟು ಸಲ ದಾಟುತ್ತದೋ!

ದಕ್ಕೆಯಲ್ಲಿ ಹಾಗಲ್ಲ. ಬಲೆ ಅಲ್ಲೇ ಹರವಿಕೊಂಡಿರುತ್ತದೆ. ಜನರೇಟರ್, ದೀಪದ ಸ್ಟ್ಯಾಂಡ್ ಬೋಟ್‌ನ ಮೇಲೆಯೇ ಇರುತ್ತವೆ. ಮೀನು ಬುಟ್ಟಿಯಲ್ಲಿರುತ್ತದೆ.

ಬಲೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಟ್ರಾಲ್ ಬಲೆಯ ಕೊನೆಯಲ್ಲಿ ಮೀನು ಸೇರುವ ಚೀಲ ಇದೆಯಲ್ಲ, ಅದರ ಕಣ್ಣು 35 ಮಿಲಿಮೀಟರ್ ಇರಬೇಕು ಎಂಬುದು ನಿಯಮ. ಆದರೆ ಗಾತ್ರದಷ್ಟೇ ಆಕಾರವೂ ಮುಖ್ಯ. ಅಂಗಡಿಯ ಕೆಂಪು ಜಾಲರಿ ಈರುಳ್ಳಿ ಚೀಲವನ್ನು ಖಾಲಿ ಇರುವಾಗ ನೋಡಿ, ಕಣ್ಣುಗಳು ಅಗಲವಾಗಿರುತ್ತವೆ. ಈರುಳ್ಳಿ ತುಂಬಿ ಮೊಳೆಗೆ ತೂಗುಹಾಕಿದರೆ ಭಾರಕ್ಕೆ ಮೇಲಿನ ಕಣ್ಣುಗಳು ಉದ್ದಕ್ಕೆ ಎಳೆದುಕೊಂಡು ಮುಚ್ಚಿಹೋಗುತ್ತವೆ. ವಜ್ರಾಕಾರದ ಕಣ್ಣಿನ ಬಲೆಯೂ ನೀರಿನಲ್ಲಿ ಹೀಗೆಯೇ. ದಡದಲ್ಲಿ ಅಳೆದಾಗ ಸರಿಯಾಗಿರುತ್ತದೆ, ಎಳೆಯುವಾಗ ಬೆರಳು ತೂರಿಸುವಷ್ಟೂ ಸಂದು ಇರುವುದಿಲ್ಲ. ಚೌಕ ಕಣ್ಣಿನ ಚೀಲ ಎಳೆದಾಗಲೂ ತೆರೆದೇ ಇರುತ್ತದೆ, ಮರಿಗಳು ಜಾರಿ ಹೊರಗೆ ಹೋಗುತ್ತವೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಎಷ್ಟೋ ವರ್ಷಗಳಿಂದ ಇದನ್ನೇ ಹೇಳುತ್ತ ಬಂದಿದ್ದಾರೆ. ಇಡೀ ಬಲೆ ಬದಲಿಸುವುದೂ ಬೇಡ, ಕೊನೆಯ ಚೀಲ ಬದಲಿಸಿದರೆ ಸಾಕು. ತರಬೇತಿಗೆ ಹೋದಾಗ ನಾನು ಮೊದಲು ಈರುಳ್ಳಿ ಚೀಲ ತೋರಿಸುತ್ತೇನೆ. ಆಮೇಲೆ ಬರುವ ಪ್ರಶ್ನೆ ಪ್ರತಿ ಸಲವೂ ಒಂದೇ: "ಸಣ್ಣ ಮೀನು ಬಿಟ್ಟರೆ ಡೀಸೆಲಿನ ದುಡ್ಡು ಯಾರು ಕೊಡುತ್ತಾರೆ?"

ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಸಾಲ ಮಾಡಿ ಬೋಟ್ ಇಳಿಸಿದವರು ಮಾಲಕರು, ಹಿಡಿದ ಮೀನಿನಲ್ಲಿ ಪಾಲು ಪಡೆಯುವವರು ಬೋಟ್‌ನಲ್ಲಿ ದುಡಿಯುವ ಕಲಾಸಿಗಳು. ಒಳ್ಳೆಯ ಮೀನು ಸಿಗದ ಟ್ರಿಪ್‌ನಲ್ಲಿ ಸಣ್ಣ ಮೀನೇ ಡೀಸೆಲ್, ಐಸ್ ಖರ್ಚು ತೂಗಿಸುತ್ತದೆ. ಅದನ್ನು ಕೊಳ್ಳುವುದು ಫಿಶ್‌ಮೀಲ್ ಕಾರ್ಖಾನೆಗಳು. ನಾಲ್ಕೈದು ಕಿಲೋ ಹಸಿ ಮೀನಿಗೆ ಒಂದು ಕಿಲೋ ಪುಡಿ, ಜೊತೆಗೆ ಸ್ವಲ್ಪ ಎಣ್ಣೆ. ಆ ಪುಡಿ ಸಿಗಡಿ ಕೆರೆಗಳಿಗೆ, ಕೋಳಿ ಆಹಾರಕ್ಕೆ ಹೋಗುತ್ತದೆ. ಕಾರ್ಖಾನೆಗಳು ತಲೆ, ಬಾಲ, ಕತ್ತರಿಸಿದ ತ್ಯಾಜ್ಯವನ್ನು ತೆಗೆದುಕೊಳ್ಳುವುದರಲ್ಲಿ ತಪ್ಪಿಲ್ಲ, ಅದರಿಂದ ಬಂದರು ಸ್ವಚ್ಛವಾಗುತ್ತದೆ. ಅಳತೆಗಿಂತ ಸಣ್ಣ ಬಂಗುಡೆ ಲೋಡ್‌ಗಟ್ಟಲೆ ಲಾರಿ ತೂಗುವ ವೇಬ್ರಿಜ್‌ನ ಮೇಲೆ ನಿಲ್ಲುವಾಗ ಮಾತ್ರ ಅಲ್ಲಿ ಒಬ್ಬ ಇಲಾಖೆಯವರು, ಒಂದು ಹಲಗೆ ಇರಬೇಕು. ದಂಡ ಬೋಟ್‌ನವನಿಗೆ ಮಾತ್ರ ಬೀಳಬಾರದು, ಕೊಂಡವರಿಗೂ ಬೀಳಬೇಕು. ಕೊಳ್ಳುವವರಿಲ್ಲದ ಮೀನಿಗಾಗಿ ಯಾವ ತಾಂಡೇಲನೂ ಬಲೆ ಹಾಕುವುದಿಲ್ಲ.

ಸರ್ಕಾರದ ಕೈಯಲ್ಲಿ ಇನ್ನೊಂದು ಹಿಡಿತವೂ ಇದೆ. ಯಾಂತ್ರಿಕ ಬೋಟ್‌ಗಳಿಗೆ ತೆರಿಗೆ ವಿನಾಯಿತಿಯ ಡೀಸೆಲ್ ಸಿಗುತ್ತದೆ. ನಿಯಮ ಮುರಿದ ಬೋಟ್‌ಗೆ ಸಣ್ಣ ದಂಡ ಹಾಕಿದರೆ ಒಂದು ಟ್ರಿಪ್‌ನಲ್ಲಿ ತೀರುತ್ತದೆ. ಒಂದು ಋತುವಿನ ಡೀಸೆಲ್ ರಿಯಾಯಿತಿ ನಿಂತರೆ ಅದು ತಾಗುತ್ತದೆ.

ಜಗತ್ತು ಕೂಡ ಇದೇ ದಾರಿಗೆ ಬಂದಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ 2009ರಲ್ಲಿ ಒಪ್ಪಿದ ಬಂದರು ಕ್ರಮಗಳ ಒಪ್ಪಂದದ ತಿರುಳು ಇಷ್ಟೇ: ಅಕ್ರಮವಾಗಿ ಹಿಡಿದ ಮೀನನ್ನು ವಿದೇಶಿ ಹಡಗು ತಂದರೆ ಬಂದರಿನಲ್ಲಿ ಇಳಿಸಲು ಬಿಡಬೇಡಿ. ಅದು ಜಾರಿಗೆ ಬಂದದ್ದು 2016ರ ಜೂನ್ 5ರಂದು. ಆ ದಿನವನ್ನೇ ಅಕ್ರಮ ಮೀನುಗಾರಿಕೆ ವಿರುದ್ಧದ ಅಂತಾರಾಷ್ಟ್ರೀಯ ದಿನವೆಂದು ಆಚರಿಸುತ್ತಾರೆ. ನಮ್ಮಲ್ಲಿ ಆಗ ಬೋಟ್‌ಗಳೆಲ್ಲ ದಕ್ಕೆಯಲ್ಲಿ ಕಟ್ಟಿಕೊಂಡಿರುತ್ತವೆ, ಬಲೆ ರಿಪೇರಿ ನಡೆದಿರುತ್ತದೆ.

ಆ ಮಳೆಗಾಲದ ರಜೆಯ ಕತೆಯಲ್ಲೇ ರಾಜ್ಯಗಳ ಗಡಿಯ ಸಮಸ್ಯೆ ಇದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ನಿಷೇಧ. ಹಿಂದೆ ಒಂದೊಂದು ರಾಜ್ಯಕ್ಕೆ ಒಂದೊಂದು ದಿನಾಂಕ ಇತ್ತು. ಇಲ್ಲಿ ನಿಷೇಧವಾದರೆ ಅಲ್ಲಿಗೆ ಹೋಗಿ ಹಿಡಿಯುವುದು, ಅಲ್ಲಿಯವರು ಇಲ್ಲಿಗೆ ಬಂದರೆಂದು ಜಗಳ. ದಿನಾಂಕ ಒಂದಾದ ಮೇಲೆ ಅದು ಬಹಳ ತಗ್ಗಿತು. ಕೇರಳ ಮಾತ್ರ ತನ್ನ ನೀರಿನಲ್ಲಿ ಟ್ರಾಲ್ ನಿಷೇಧವನ್ನು 52 ದಿನಕ್ಕೆ ಇಟ್ಟುಕೊಂಡಿದೆ. ಮೀನಿನ ಅಳತೆಯಲ್ಲಿ ಈ ಮಟ್ಟದ ಹೊಂದಾಣಿಕೆಯೂ ಇಲ್ಲ. ಒಂದು ಕಡೆ ತಪಾಸಣೆ ಬಿಗಿಯಾದರೆ ಸಣ್ಣ ಮೀನಿನ ಲಾರಿ ಕೇರಳದ ಗಡಿಯ ತಲಪಾಡಿ ದಾಟುತ್ತದೆ, ಇನ್ನೊಂದು ಕಡೆ ಬಿಗಿಯಾದರೆ ತಿರುಗಿ ದಾಟುತ್ತದೆ. ಬಂಗುಡೆ, ಬೂತಾಯಿಗೆ ರಾಜ್ಯದ ಗಡಿ ಇಲ್ಲ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ ಹತ್ತಿರ ಇದ್ದ ಬೂತಾಯಿ 2021ರಲ್ಲಿ 3,297 ಟನ್‌ಗೆ ಕುಸಿಯಿತು. ಅದರಲ್ಲಿ ಸಮುದ್ರದ ಬಿಸಿ, ಎಲ್ ನಿನೊ ಪಾತ್ರ ದೊಡ್ಡದು, ಎಲ್ಲವನ್ನೂ ಬಲೆಯ ಮೇಲೆ ಹೊರಿಸುವುದು ಸರಿಯಲ್ಲ. ಆದರೆ ಅಂಥ ಕೆಟ್ಟ ವರ್ಷದಲ್ಲಿ ಉಳಿದ ಮರಿಗಳನ್ನೂ ಬಾಚಿದರೆ ಚೇತರಿಸಿಕೊಳ್ಳಲು ಏನು ಉಳಿಯುತ್ತದೆ?

ಪೆಸಿಫಿಕ್ ದ್ವೀಪ ರಾಷ್ಟ್ರಗಳನ್ನು ನಾನು ಎಲ್ಲ ಸಭೆಗಳಲ್ಲೂ ಉದಾಹರಿಸುತ್ತೇನೆ. ನಮ್ಮ ಒಂದು ತಾಲೂಕಿನಷ್ಟು ಜನರೂ ಇಲ್ಲದ ದೇಶಗಳು ಅವುಗಳಲ್ಲಿವೆ, ಕಾಯಬೇಕಾದ ಕಡಲು ಮಾತ್ರ ಅಪಾರ. ಒಬ್ಬೊಬ್ಬರಿಂದ ಆಗದೆಂದು 1979ರಲ್ಲಿ ಒಟ್ಟಾಗಿ ಒಂದು ಮೀನುಗಾರಿಕಾ ಸಂಸ್ಥೆ ಕಟ್ಟಿದರು, ಕಚೇರಿ ಸಾಲೊಮನ್ ದ್ವೀಪಗಳ ಹೊನಿಯಾರಾದಲ್ಲಿ. ಅವರ ಜಂಟಿ ದಾಖಲೆಯಲ್ಲಿ ಒಳ್ಳೆಯ ಹೆಸರು ಉಳಿಸಿಕೊಂಡ ವಿದೇಶಿ ಹಡಗಿಗೆ ಮಾತ್ರ ಆ ದೇಶಗಳಲ್ಲಿ ಪರವಾನಗಿ. ಒಂದು ಕಡೆ ತಪ್ಪಿದವನಿಗೆ ಪಕ್ಕದಲ್ಲೂ ಬಾಗಿಲು ಮುಚ್ಚುತ್ತದೆ. ಗೋವಾ, ಕರ್ನಾಟಕ, ಕೇರಳ ಸೇರಿ ಇಂಥ ಒಂದು ಪಟ್ಟಿ ಮಾಡಲು ಸಾಧ್ಯವಿಲ್ಲವೇ? ಬೋಟ್‌ಗಳ ನೋಂದಣಿ ಈಗಾಗಲೇ ದೇಶಕ್ಕೆಲ್ಲ ಒಂದೇ ಆನ್‌ಲೈನ್ ವ್ಯವಸ್ಥೆಯಲ್ಲಿದೆ. 2025ರ ನವೆಂಬರ್‌ನಲ್ಲಿ ಬಂದ ಕೇಂದ್ರದ ಹೊಸ ನಿಯಮಗಳು 12 ಮೈಲಿನಾಚೆ ಹೋಗುವ ಯಾಂತ್ರಿಕ ಬೋಟ್‌ಗಳಿಗೆ ಪ್ರವೇಶ ಪಾಸ್ ಕಡ್ಡಾಯ ಮಾಡಿವೆ. ಆ ಪಾಸ್ ಕೊಡುವ ಮೊದಲು ಮೂರೂ ರಾಜ್ಯಗಳ ದಕ್ಕೆ ದಾಖಲೆ ನೋಡುವಂತಾದರೆ ಕಾಗದದ ಕೆಲಸಕ್ಕೆ ಬಲ ಬರುತ್ತದೆ.

ಬೋಟ್ ಇರುವ ಜಾಗವನ್ನು ದಡಕ್ಕೆ ತಿಳಿಸುವ ಟ್ರಾನ್ಸ್‌ಪಾಂಡರ್ ಯಂತ್ರ ಅಳವಡಿಸುವ ಯೋಜನೆಯನ್ನೂ ಮೀನುಗಾರರು ಮೊದಲು ಅನುಮಾನದಿಂದಲೇ ನೋಡಿದರು. ತಾವು ಕಂಡುಕೊಂಡ ಮೀನಿನ ಜಾಗ ಬೇರೆಯವರಿಗೆ ಗೊತ್ತಾಗುತ್ತದೆಂಬ ಭಯ. ಅವರೊಂದಿಗೆ ಮಾತಾಡುವಾಗ ನಾನು ಕಾನೂನಿನ ವಿಷಯ ಎತ್ತುವುದಿಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಏಳು ಜನರೊಂದಿಗೆ ಹೊರಟ ಸುವರ್ಣ ತ್ರಿಭುಜ ಎಂಬ ಬೋಟ್ ಮರಳಲಿಲ್ಲ. ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಹತ್ತಿರ ಸಿಕ್ಕಿದ್ದು ಮರುವರ್ಷದ ಮೇ ತಿಂಗಳಿನಲ್ಲಿ. ಅಷ್ಟು ತಿಂಗಳು ಆ ಮನೆಗಳ ಹೆಂಗಸರು ಹೇಗೆ ದಿನ ದೂಡಿದರೆಂದು ನಮ್ಮೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಆ ಯಂತ್ರವನ್ನು ಜೀವ ಉಳಿಸಲೆಂದು ಒಪ್ಪಿಕೊಂಡವರು ಆಮೇಲೆ ಅದನ್ನು ಆರಿಸುವುದಿಲ್ಲ.

ದಕ್ಕೆಯಲ್ಲಿ ನನ್ನ ಹಲಗೆಗಿಂತ ಹಳೆಯ ಅಳತೆಯೊಂದಿದೆ. ಏಲಂ ಕೂಗುವಾಗ ಬುಟ್ಟಿಗಳ ನಡುವೆ ಕೂತು ಮೀನು ಆರಿಸುವ ಒಬ್ಬ ಅಕ್ಕ ಇದ್ದಾರೆ. ಅವರ ತಾಯಿಯೂ ಇದೇ ಬಂದರಿನಲ್ಲಿ ಮಾರುತ್ತಿದ್ದವರು. ಬಂಗುಡೆಯ ಮೇಲೆ ಕೈ ಅಗಲಿಸಿ ಇಡುತ್ತಾರೆ. ಮುಕ್ಕಾಲು ಗೇಣು ಆಗದಿದ್ದರೆ ಮಾತಿಲ್ಲದೆ ಮುಂದಿನ ಬುಟ್ಟಿಗೆ ಹೋಗುತ್ತಾರೆ. ಒಮ್ಮೆ ಅವರ ಗೇಣನ್ನು ನನ್ನ ಹಲಗೆಯ ಮೇಲೆ ಇಡಿಸಿ ನೋಡಿದೆ. ಮುಕ್ಕಾಲು ಗೇಣು ಹದಿನಾಲ್ಕೂವರೆ ಸೆಂಟಿಮೀಟರ್ ಬಂತು. ಕಾನೂನಿನ ಅಳತೆಯ ವಿಷಯ ಹೇಳಿದೆ. "ಹೌದಾ, ಅದು ಈಗ ಬಂದದ್ದಾ?" ಎಂದು ಕೇಳಿ, ಬುಟ್ಟಿ ಎತ್ತಿಕೊಂಡು ಏಲಂ ಕಡೆಗೆ ನಡೆದರು.