ಟೀವಿಯಲ್ಲಿ ಜಾಸ್ತಿ ಕಾಣಿಸುವವರೇ ಗೆಲ್ಲುತ್ತಾರಾ?

ಪ್ರಶ್ನೆ: ಚಾನೆಲ್, ವಾಟ್ಸಾಪ್ ಎಲ್ಲೆಲ್ಲೂ ದಿನವಿಡೀ ಒಬ್ಬರೇ ನಾಯಕರು. ಹಾಗಾದ್ರೆ ಲೋಕಸಭೆ ಚುನಾವಣೆ ಗೆಲ್ಲಿಸೋದು ಮಾಧ್ಯಮವೇ ಅಲ್ವಾ?

ಅಲ್ಲ. ಪ್ರತಿ ಚುನಾವಣೆ ಮುಗಿದ ವಾರ ಈ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ನಾನು ಇದನ್ನೇ ಹೇಳುತ್ತೇನೆ. ಈ ಸಲ ಪೂರ್ತಿ ಬಿಡಿಸಿ ಹೇಳಿಬಿಡುತ್ತೇನೆ.

1977ಕ್ಕೆ ಹೋಗೋಣ. ಆಗ ರೇಡಿಯೋ ಅಂದರೆ ಆಕಾಶವಾಣಿ, ಟೀವಿ ಅಂದರೆ ದೂರದರ್ಶನ. ಎರಡೂ ಇಂದಿರಾ ಗಾಂಧಿ ಅವರ ಕಾಂಗ್ರೆಸ್ ಸರ್ಕಾರದ ಕೈಯಲ್ಲೇ ಇದ್ದವು. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ತುರ್ತು ಪರಿಸ್ಥಿತಿ, ಪತ್ರಿಕೆಗಳಿಗೆ ಸೆನ್ಸಾರ್, ವಿರೋಧ ಪಕ್ಷದ ದೊಡ್ಡ ನಾಯಕರು ಜೈಲಿನಲ್ಲಿ. ಮಾಧ್ಯಮದಿಂದಲೇ ಗೆಲ್ಲಬಹುದು ಅನ್ನುವುದಾದರೆ ಅದಕ್ಕಿಂತ ಸುಲಭದ ಚುನಾವಣೆ ಬೇರೆ ಇರಲಿಲ್ಲ. ಆಗಿದ್ದೇನು? ಉತ್ತರ ಪ್ರದೇಶದ 85 ಸೀಟುಗಳಲ್ಲಿ ಕಾಂಗ್ರೆಸ್‌ಗೆ ಒಂದೂ ಸಿಗಲಿಲ್ಲ. ಬಿಹಾರದ 54ರಲ್ಲೂ ಸೊನ್ನೆ. ಇಂದಿರಾ ಗಾಂಧಿ ಅವರೇ ರಾಯ್‌ಬರೇಲಿಯಲ್ಲಿ ರಾಜ್ ನಾರಾಯಣ್ ಎದುರು ಸೋತರು.

ಇಲ್ಲಿಗೆ ಕೆಲವರು, 'ಸರಿ, ಜನ ಆ ರೇಡಿಯೋ ನಂಬಲಿಲ್ಲ ಅಷ್ಟೇ' ಅನ್ನುತ್ತಾರೆ. ಸ್ವಲ್ಪ ನಿಲ್ಲಿ. ಅದೇ ಚುನಾವಣೆಯಲ್ಲಿ ಕರ್ನಾಟಕದ 28 ಸೀಟುಗಳಲ್ಲಿ 26 ಕಾಂಗ್ರೆಸ್‌ಗೆ ಬಂದವು! ನಮಗೆ ಬೇರೆ ಆಕಾಶವಾಣಿ ಇತ್ತಾ? ಇಲ್ಲ. ದೇಶದ ಸುದ್ದಿ ಹೇಳುವ ಕನ್ನಡ ವಾರ್ತೆಯೂ ದೆಹಲಿಯಿಂದಲೇ ಬರುತ್ತಿತ್ತು. ಸುದ್ದಿ ಒಂದೇ, ತೀರ್ಪು ಎರಡು.

ವ್ಯತ್ಯಾಸ ಇದ್ದದ್ದು ಮನೆ ಬಾಗಿಲಲ್ಲಿ. ಉತ್ತರ ಭಾರತದಲ್ಲಿ ಬಲವಂತದ ಸಂತಾನಹರಣ ಚಿಕಿತ್ಸೆ ಹಳ್ಳಿಹಳ್ಳಿಗೆ ನುಗ್ಗಿತ್ತು. ಅದನ್ನು ಕಂಡವರಿಗೆ ರೇಡಿಯೋ ಏನು ಹೇಳಿದರೂ ಅಷ್ಟೇ. ಇಲ್ಲಿ ಅದರ ಬಿಸಿ ಅಷ್ಟು ತಟ್ಟಿರಲಿಲ್ಲ. ದೇವರಾಜ ಅರಸು ಸರ್ಕಾರದ ಭೂಸುಧಾರಣೆ ನಡೆಯುತ್ತಿತ್ತು. ಗೇಣಿದಾರರು ಡಿಕ್ಲರೇಷನ್ ಅರ್ಜಿ ಕೊಟ್ಟು, ಉಳುವ ನೆಲ ತಮ್ಮ ಹೆಸರಿಗೆ ಬರುತ್ತದೆ ಎಂದು ಕಾಯುತ್ತಿದ್ದರು. ಒಬ್ಬ ಗೇಣಿದಾರನ ಮನಸ್ಸಿನಲ್ಲಿ ಆ ಅರ್ಜಿ ಎಷ್ಟು ದೊಡ್ಡದಾಗಿತ್ತು ಅನ್ನುವುದನ್ನು ಮರೆತು ಆ ಚುನಾವಣೆಯ ಬಗ್ಗೆ ಮಾತಾಡಲು ಆಗುವುದಿಲ್ಲ.

ಹಳೇ ಕಾಲದ ಮಾತು ಅನ್ನಬೇಡಿ. 2004ರಲ್ಲಿ ವಾಜಪೇಯಿ ಸರ್ಕಾರದ 'ಇಂಡಿಯಾ ಶೈನಿಂಗ್' ಜಾಹೀರಾತು ಎಲ್ಲ ಕಡೆ ಇತ್ತು. ವಾಜಪೇಯಿ ಜನಪ್ರಿಯ ನಾಯಕರೂ ಹೌದು. ಬಿಜೆಪಿಗೆ 138 ಬಂತು, ಕಾಂಗ್ರೆಸ್‌ಗೆ 145. 2024ರ ಜೂನ್ 1ರ ಸಂಜೆ ಹೆಚ್ಚಿನ ಎಕ್ಸಿಟ್ ಪೋಲ್‌ಗಳು ಎನ್‌ಡಿಎಗೆ 350ರ ಮೇಲೆ ಕೊಟ್ಟವು. ಜೂನ್ 4ಕ್ಕೆ ಸಿಕ್ಕಿದ್ದು 293.

ಹಾಗಂತ ಮಾಧ್ಯಮಕ್ಕೆ ಬಲವೇ ಇಲ್ಲ ಅಂತಲ್ಲ. ಯಾವ ವಿಷಯ ಚರ್ಚೆಯಾಗಬೇಕು, ಯಾವುದು ಮರೆಯಾಗಬೇಕು ಅನ್ನುವುದರಲ್ಲಿ ಅದರ ಕೈ ದೊಡ್ಡದು. ನಾಯಕರ ಮುಖಕ್ಕೂ ಬಲ ಇದೆ. ಆದರೆ ಯಾವ ಚುನಾವಣೆಗೆ ಯಾವ ಮುಖ ಅನ್ನುವುದನ್ನು ನಮ್ಮ ಮತದಾರರು ಚೆನ್ನಾಗಿ ಬಲ್ಲರು. 1984ರ ಡಿಸೆಂಬರ್‌ನಲ್ಲಿ ರಾಜೀವ್ ಗಾಂಧಿ ಅವರ ಕಾಂಗ್ರೆಸ್‌ಗೆ ರಾಜ್ಯದಿಂದ 24 ಸೀಟು ಕೊಟ್ಟರು. ಮೂರು ತಿಂಗಳು ತುಂಬುವ ಮೊದಲೇ ವಿಧಾನಸಭೆಯಲ್ಲಿ ರಾಮಕೃಷ್ಣ ಹೆಗಡೆ ಅವರ ಜನತಾ ಪಕ್ಷಕ್ಕೆ 139 ಕೊಟ್ಟರು. ಇದನ್ನು ಹೇಳುವಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ಹೋರ್ಡಿಂಗ್‌ನಲ್ಲಿ ನಿಮ್ಮ ಕ್ಷೇತ್ರದ ಅಭ್ಯರ್ಥಿಯ ಬದಲು ದೊಡ್ಡ ನಾಯಕರ ಮುಖವೇ ಯಾಕೆ ಜಾಸ್ತಿ? ಜನಪ್ರಿಯತೆ ಒಂದು ಕಾರಣ. ಲೆಕ್ಕವೂ ಒಂದು ಕಾರಣ. ಕರ್ನಾಟಕದಂಥ ದೊಡ್ಡ ರಾಜ್ಯದಲ್ಲಿ ಲೋಕಸಭೆ ಅಭ್ಯರ್ಥಿ 2024ರಲ್ಲಿ 95 ಲಕ್ಷಕ್ಕಿಂತ ಹೆಚ್ಚು ಖರ್ಚು ಮಾಡುವಂತಿರಲಿಲ್ಲ. ಪಕ್ಷದ ಖರ್ಚಿಗೆ ಮಾತ್ರ ಮಿತಿಯೇ ಇಲ್ಲ. ಅಭ್ಯರ್ಥಿಯ ಹೆಸರಾಗಲಿ ಫೋಟೋ ಆಗಲಿ ಇಲ್ಲದ ಸಾಮಾನ್ಯ ಪ್ರಚಾರ ಪಕ್ಷದ ಲೆಕ್ಕಕ್ಕೆ ಹೋಗುತ್ತದೆ. ಹೆಸರು ಬಂದರೆ ಅಭ್ಯರ್ಥಿಯ ಲೆಕ್ಕಕ್ಕೆ ಬರುತ್ತದೆ. ಫಲಿತಾಂಶ ಬಂದ 30 ದಿನದೊಳಗೆ ಅವರು ಆ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಕೊಡಬೇಕು. ಅದನ್ನು ಯಾರು ಬೇಕಾದರೂ ಕೇಳಿ ನೋಡಬಹುದು.